ಘಟ್ಟದ ಮೇಲಿನ ಬಂದರು

ವಿರಾಜಪೇಟೆಗೆ ಕಡಲು ಬರುವುದು ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ,
ಹಿಂದಿನ ಎಡಗಾಲಿ ಕಿರುಗುಡುವ ಲಾರಿಯಲ್ಲಿ.
ಮಾಕುಟ್ಟದ ತಿರುವುಗಳಲ್ಲಿ ಅರ್ಧ ಚೆಲ್ಲಿ,
ಪೆರುಂಬಾಡಿಯಲ್ಲಿ ನಿಂತು ಒಂದು ಚಹಾ ಕುಡಿದು,
ಉಳಿದದ್ದು ಬರುತ್ತದೆ ತೊಟ್ಟಿಕ್ಕುತ್ತ.
ರಸ್ತೆಯುದ್ದಕ್ಕೂ ಉಪ್ಪುನೀರಿನ ಗೆರೆ.
ನಾಯಿಗಳಿಗೆ ಅದೇ ಭೂಪಟ.

ನಾನು ಮೀನು ಮಾರುಕಟ್ಟೆಯ ಸುಂಕದವನು.
ಇಪ್ಪತ್ತೊಂಬತ್ತು ವರ್ಷ, ಬುಟ್ಟಿಗೆ ಇಷ್ಟೆಂದು ಚೀಟಿ ಹರಿದವನು.
ಅಲೆ ಎಣಿಸಿ ಲಂಚ ತಿಂದವನ ಕತೆ ಹೇಳಿ ಕಾಲೆಳೆಯುತ್ತಾರೆ.
ನಗುತ್ತೇನೆ. ಅವನಿಗೆ ಅಲೆಯಾದರೂ ಇತ್ತು.

ನನ್ನ ಪುಸ್ತಕಕ್ಕಿಂತ ಹಿಂದಿನದೆಲ್ಲ ಆಲಿಕುಂಞಿಯ ಬಾಯಲ್ಲಿದೆ.
ಅವನ ಅಜ್ಜನ ಕಾಲದಲ್ಲಿ ಮೀನು ನಡೆದು ಬರುತ್ತಿತ್ತಂತೆ,
ಹನ್ನೆರಡು ತಲೆಗಳ ಮೇಲೆ, ಸೂಟೆ ಬೆಳಕಿನಲ್ಲಿ,
ಆನೆಗೆ ಕೇಳಲೆಂದು ತಗಡು ಬಡಿಯುತ್ತ.
ಬುಟ್ಟಿಯಿಂದ ಸೋರಿದ ಉಪ್ಪು ಬೆನ್ನಿಳಿದು ಕಾಲಿಗೆ ಬಂದು
ಜಿಗಣೆಗಳು ತಾವಾಗಿ ಕಳಚಿ ಬೀಳುತ್ತಿದ್ದವಂತೆ.
ಹೊತ್ತವರಿಗೆ ಸಿಕ್ಕ ಲಾಭ ಅದೊಂದೇ
ಎಂದು ಅಜ್ಜ ಹೇಳುತ್ತಿದ್ದನಂತೆ.

ಆಮೇಲೆ ಗಾಡಿ, ಆಮೇಲೆ ಬಸ್ಸಿನ ತಲೆ,
ಆಮೇಲೆ ಕಾಫಿ ಇಳಿಸಿ ಖಾಲಿ ಬರುವ ಲಾರಿ.
ಗೋಣಿಗೆ ಮತ್ತಿಯ ವಾಸನೆ ಹತ್ತಿತೆಂದು
ಕಾಫಿ ವ್ಯಾಪಾರಿ ಇನಾಸ್ ಡಿಕೋಸ್ತ ಜಗಳಕ್ಕೆ ಬಂದ,
ಬಂದವನು ಎರಡು ಸೇರು ಬಂಗುಡೆ ಒಯ್ದ.
ಆ ಲೆಕ್ಕ ಇನ್ನೂ ಬಾಕಿಯಿದೆ. ಇನಾಸ್ ಇಲ್ಲ.

ಇಲ್ಲಿ ಬೆಲೆ ಕೇಳುವುದು ಕೊಡವ ತಕ್ಕಿನಲ್ಲಿ,
ಹೇಳುವುದು ಮಲಯಾಳದಲ್ಲಿ,
ಚೌಕಾಸಿ ಕೊಂಕಣಿಯಲ್ಲಿ,
ಬೈಗುಳ ಮಾತ್ರ ಶುದ್ಧ ಕನ್ನಡ.
ಕಿವಿರು ಎತ್ತಿ ನೋಡುವ ಬೆರಳಿಗೆ ಭಾಷೆ ಬೇಡ.
ಸಮುದ್ರವನ್ನೇ ಕಾಣದ ಈ ಊರು
ಗಾಳಿ ತಿರುಗಿದ್ದನ್ನು ಮೀನಿನ ಕಣ್ಣಲ್ಲಿ ಓದುತ್ತದೆ:
ಕಣ್ಣು ಮಂಕಾದರೆ ಅಲ್ಲಿ ದೋಣಿ ತಡವಾಗಿದೆ,
ಬೆಲೆ ಏರಿದರೆ ಅಲ್ಲಿ ಯಾರದೋ ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆ.

ಘಟ್ಟ ಜರಿದ ವರ್ಷ ಹನ್ನೊಂದು ದಿನ ಕಡಲು ಬರಲಿಲ್ಲ.
ಆಲಿಕುಂಞಿ ದಿನಾ ಬಂದು ಕಲ್ಲು ತೊಳೆದ.
ಕತ್ತಿ ಮಸೆದ. ಕುಳಿತ.
ಬೊಳ್ಳವ್ವ ದಿನಾ ಚೀಲ ಹಿಡಿದು ಬಂದಳು.
ಮೀನಿಲ್ಲವೆಂದು ಗೊತ್ತಿದ್ದೂ ಏಕೆ ಎಂದರೆ
"ಇಲ್ಲ ಅಂತ ಯಾರಾದರೂ ಹೇಳಬೇಕಲ್ಲ" ಎಂದಳು.
ಬೆಕ್ಕುಗಳು ನನ್ನನ್ನು ನೋಡಿದವು,
ತಪ್ಪು ಸರಕಾರದ್ದು ಎಂಬಂತೆ.
ಒಂಬತ್ತನೆಯ ದಿನ ಒಬ್ಬ ಹುಡುಗ
ನೆನೆದ ಗೊರಗ ಹೊದ್ದು, ಕೂಳಿಯೊಂದಿಗೆ ಬಂದ.
ಗದ್ದೆಗೆ ಹತ್ತಿದ ಕೊಯ್ಲೆ ಮೀನು, ಬೆರಳಷ್ಟುದ್ದ,
ಇನ್ನೂ ಚಿಮ್ಮುತ್ತಿದ್ದವು.
ಕಡಲಿನ ಕಲ್ಲಿನ ಮೇಲೆ ಗದ್ದೆಯ ಮೀನು!
ಆಲಿಕುಂಞಿ ಎದ್ದು ಜಾಗ ಬಿಟ್ಟ.
ಬೊಳ್ಳವ್ವ ಅಷ್ಟನ್ನೂ ಕೊಂಡು, ಕಾಚಂಪುಳಿ ಹಾಕಿ ಮಾಡಿ,
ಮರುದಿನ ಒಂದು ಡಬ್ಬಿ ತಂದು ಅವನ ಮುಂದಿಟ್ಟಳು.
ಅದಕ್ಕೆ ಸುಂಕದ ಕಲಂ ನನ್ನ ಪುಸ್ತಕದಲ್ಲಿರಲಿಲ್ಲ.
ದಿನಾಂಕ ಬರೆದು ಸೊನ್ನೆ ಹಾಕಿದೆ.
ಲೆಕ್ಕ ತನಿಖೆಯವರು ಆ ಸೊನ್ನೆಯನ್ನು ಕೆಂಪು ಶಾಯಿಯಲ್ಲಿ ಸುತ್ತಿದ್ದಾರೆ.

ಮೊಮ್ಮಗನ ಮದುವೆಗೆಂದು ತಲಶ್ಶೇರಿಗೆ ಹೋದ ಆಲಿಕುಂಞಿ
ಎಪ್ಪತ್ತರ ಹರೆಯದಲ್ಲಿ ಮೊದಲ ಸಲ ಕಡಲು ನೋಡಿ ಬಂದ.
ಹೇಗಿತ್ತು ಎಂದೆ.
"ನೀರೇನೋ ಬಹಳ ಇದೆ. ಮೀನು ಒಂದೂ ಕಾಣಲಿಲ್ಲ."

ಮಧ್ಯಾಹ್ನಕ್ಕೆ ಸಂತೆ ಮುಗಿದು ಕಲ್ಲಿಗೆ ನೀರು ಹೊಯ್ದರೆ
ಹೊಟ್ಟು, ರಕ್ತ, ಕರಗಿದ ಮಂಜುಗಡ್ಡೆ ಮೋರಿಗೆ ಬೀಳುತ್ತದೆ.
ಮೋರಿ ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ.
ಪಡುವಣ ಕಡಲಿನ ಒಂದು ಚಿಟಿಕೆ ಉಪ್ಪು
ನನ್ನ ಮೇಜಿನ ಮುಂದೆಯೇ ಹಾದು
ಮೂಡಣ ಕಡಲಿಗೆ ಹೊರಟಿದೆ.
ಚೀಟಿ ಪುಸ್ತಕ ಮುಚ್ಚಿ, ಕಾಲು ಮೇಲೆತ್ತಿ,
ಅದಕ್ಕೆ ದಾರಿ ಬಿಡುತ್ತೇನೆ.